ನಾನ್ ಕಣಮ್ಮ
ಸಂಜೆ ಮೈಸೂರು ಮೈನ್ಸಿನ ಸಾಲುಮನೆಗಳ ನಡುವೆ ಸೀಟಿ ಕೇಳಿಸಿತೆಂದರೆ ಮುನಿನಾರಾಯಣಪ್ಪ ಹೊರಟರೆಂದೇ ಅರ್ಥ. ಗಣಿಯ ವಾಚ್‌ಮನ್ ಆಗಿದ್ದವರು, ಆ ಚಿನ್ನದ ಗಣಿ ಮುಚ್ಚಿದ ಮೇಲೆ ಬೀದಿಯನ್ನೇ ಕಾಯುತ್ತಾರೆ. ಹೊಸಬರು ಕಂಡರೆ ಊರು, ಅಪ್ಪನ ಹೆಸರು, ಇಳಿದ ಬಸ್ಸು ಎಲ್ಲವನ್ನೂ ವಿಚಾರಿಸುತ್ತಾರೆ. ಆ ಪ್ರಶ್ನೆಗಳಿಗೆ ಹೆದರಿ ನಾಯಿಗಳೂ ಬೇರೆ ದಾರಿ ಹಿಡಿಯುತ್ತವೆಂದು ಹೆಂಗಸರು ನಗುತ್ತಾರೆ. ಆದರೂ ಮೊಬೈಲಿಗೆ ಮೆಸೇಜ್ ಬಂದರೆ ಓದಿಸುವುದು ಅವರಿಂದಲೇ. “ಓಟಿಪಿ ನಂಬರು ನಂಗ್ಬಿಟ್ಟು ಯಾರ್ಗೂ ಏಳ್ಬ್ಯಾಡ್ರಮ್ಮ” ಎಂದು ಮನೆಮನೆಗೂ ಸಾರಿದ್ದರು. ಕೂಲಿಗೆ ಹೋಗುವ ಚಿಕ್ಕವೆಂಕಟಮ್ಮ ಅದನ್ನು ಚಾಚೂ ತಪ್ಪದೆ ಪಾಲಿಸಿದರು. ಒಂದು ಮಧ್ಯಾಹ್ನ ಫೋನಿನಲ್ಲಿ ಯಾರೋ “ನಾನ್ ಕಣಮ್ಮ, ಮುನಿನಾರಾಯಣಪ್ಪ” ಎಂದು ಓಟಿಪಿ ಕೇಳಿದಾಗ, ಅಂಕಿ ಮಾತ್ರ ಬಲ್ಲ ಆಕೆ ಒಂದೊಂದನ್ನೇ ಓದಿ ಹೇಳಿದರು. ಬ್ಯಾಂಕಿನಲ್ಲಿ ಕೂಡಿಟ್ಟದ್ದೆಲ್ಲ ಹೋಯಿತು. ಆಕೆ ಬೈಯಲಿಲ್ಲ, “ನೀನೇ ಅನ್ಕಂಡೆ ಕಣಣ್ಣ” ಎಂದರಷ್ಟೆ. ಈಗಲೂ ಮುನಿನಾರಾಯಣಪ್ಪ ಸೀಟಿ ಊದುತ್ತಾರೆ, “ನಂಗೂ ಏಳ್ಬ್ಯಾಡ್ರಮ್ಮ” ಎಂದು ಸಾರುತ್ತಾರೆ. ಮೊದಲು “ನಾನ್ ಕಣಮ್ಮ” ಎಂದರೆ ಸಾಕು, ಯಾವ ಬಾಗಿಲಾದರೂ ತೆರೆಯುತ್ತಿತ್ತು. ಚಿಕ್ಕವೆಂಕಟಮ್ಮನ ಮನೆಯ ಮುಂದೆ ಈಗ ಆ ಮಾತನ್ನು ಅವರು ಆಡುವುದಿಲ್ಲ. ಕೋಲಿನಿಂದ ಬಾಗಿಲು ತಟ್ಟುತ್ತಾರೆ; ಒಳಗಿನಿಂದ “ಯಾರು?” ಎಂದರೆ, ಆಕೆ ಬಂದು ಮುಖ ನೋಡುವವರೆಗೂ ನಿಂತೇ ಇರುತ್ತಾರೆ.