ನೀವೊಬ್ರೇ ಬಾಕಿ
ಮೇಸ್ತ್ರಿಗೆ ಆಸ್ತಿಯೂ ಇಲ್ಲ, ದಾಯಾದಿಗಳೂ ಇಲ್ಲ. ಆದರೂ ಕಟ್ಟಡದ ನಕ್ಷೆಯನ್ನು ಎಲ್ಲರ ಫೋನಿಗೂ ಕಳಿಸುವ ಆ ಆಪ್‌ನ ಹೆಸರೆತ್ತಿದರೆ ಸಾಕು, ದಾಯಾದಿಯನ್ನು ಕಂಡವನಂತೆ ಮುಖ ಸಿಂಡರಿಸುತ್ತಾನೆ. ಹಿಂದೆ ನಕ್ಷೆಯ ಸುರುಳಿ ಅವನ ಕಂಕುಳಲ್ಲಿರುತ್ತಿತ್ತು. ಕಿಟಕಿ ಎಲ್ಲಿ ಬರುತ್ತದೆಂದು ತಿಳಿಯಲು ಬಡಗಿಯಿರಲಿ, ಕಟ್ಟಿಸುವ ಯಜಮಾನನೇ ಅವನು ಟೀ ಕುಡಿದು ಮುಗಿಸುವವರೆಗೆ ಕಾಯಬೇಕಿತ್ತು. ಈಗ ಬಡಗಿ ಹೆಬ್ಬೆರಳಲ್ಲಿ ಫೋನ್ ಸವರಿ, ಅವನತ್ತ ತಿರುಗಿಯೂ ನೋಡದೆ ಕೆಲಸ ಶುರುಮಾಡುತ್ತಾನೆ. "ಸವರು, ಸವರು, ಗೋಡೆ ತಾನಾಗೇ ಎದ್ದು ನಿಲ್ಲುತ್ತೆ" ಎಂದು ಮೇಸ್ತ್ರಿ ಹೊಟ್ಟೆ ಉರಿದುಕೊಳ್ಳುತ್ತಾನೆ. ನೆಟ್‌ವರ್ಕ್ ಹೋದ ದಿನ ಅವನ ಮೀಸೆಯೂ ನಗುತ್ತದೆ. ಹೊಸ ನಕ್ಷೆ ಬಂದರೆ ಎಲ್ಲರೂ ಫೋನಲ್ಲಿ ತೆರೆಯುತ್ತಾರೆ, ಅವನೊಬ್ಬ ಮಾತ್ರ ತೆರೆಯುವುದಿಲ್ಲ; ಯಾರು ನೋಡಿಲ್ಲವೆಂದು ಆಫೀಸಿನ ಇಂಜಿನಿಯರಮ್ಮನಿಗೆ ಆಪ್ ಚಾಡಿ ಹೇಳುತ್ತದೆ. ಅವನು ನೋಡಿಲ್ಲವೆಂದೇನೂ ಅಲ್ಲ. ಬೆಳಿಗ್ಗೆಯೇ ಬಡಗಿಯ ಹೆಗಲ ಮೇಲಿಂದ ಇಣುಕಿ ಎಲ್ಲವನ್ನೂ ತಲೆಗೆ ತುಂಬಿಕೊಂಡಿರುತ್ತಾನೆ. ಆದರೆ ನೋಡಿದವರಿಗೆ ಯಾರೂ ಫೋನ್ ಮಾಡುವುದಿಲ್ಲವಲ್ಲ! ಸಂಜೆ ಅವನ ಫೋನ್ ಬಡಿದುಕೊಳ್ಳುತ್ತದೆ. "ಮೇಸ್ತ್ರಿಗಳೇ, ಎಲ್ಲರೂ ನೋಡಾಯ್ತು, ನೀವೊಬ್ರೇ ಬಾಕಿ" ಎನ್ನುತ್ತಾಳೆ ಇಂಜಿನಿಯರಮ್ಮ. ಅವನು ಬೇಕೆಂದೇ ಬಡಗಿಯ ಮುಂದೆ ಹೋಗಿ ನಿಂತು, ಮೇಲಿನ ಮಹಡಿಗೂ ಕೇಳುವಂತೆ ಹೇಳುತ್ತಾನೆ: "ಏನಮ್ಮಾ, ನಾನು ನೋಡ್ದೆ ಇದ್ರೆ ಕೆಲಸ ನಡೆಯೋದೇ ಇಲ್ವಾ?"