ಕೌದಿಯ ಹೊಟ್ಟೆ

ಬಸವಕಲ್ಯಾಣದ ಕೋಟೆಯ ಹಿಂದಿನ ಗಲ್ಲಿಯಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲಿಗಿಂತ ಮೊದಲು ನೆನಪಾಗುತ್ತಿದ್ದುದು ಶಕುಂತಲಾಬಾಯಿಯ ಕೌದಿ. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಇರುವೆ ಸಾಲಿನಂಥ ಸಣ್ಣ ಹೊಲಿಗೆಯಲ್ಲಿ ಆಕೆ ಮಾಡಿದ ಹೊದಿಕೆಯನ್ನು ಗುರುತಿಸಲು ಬಣ್ಣ ನೋಡಬೇಕಿರಲಿಲ್ಲ. ಮೂಲೆ ಮುಟ್ಟಿದರೆ ಸಾಕಿತ್ತು. ಕೊನೆಯ ಮೂಲೆಯನ್ನು ಮುಚ್ಚುವ ಮುನ್ನ ಅದರೊಳಗೆ ಒಂದಿಷ್ಟು ತಿನಿಸು ಇಟ್ಟು ಹೊಲಿಯುವುದು ಘಾಟಬೋರಾಳದ ತವರುಮನೆಯಿಂದ ಬಂದ ಪದ್ಧತಿ. ಕೌದಿಯ ಹೊಟ್ಟೆ ಬರಿದಾಗಿರಬಾರದೆಂದು ಆಕೆಯ ತಾಯಿ ನಾಲ್ಕು ಗೋಧಿ ಕಾಳು ಇಡುತ್ತಿದ್ದಳು. ಮಗಳ ಕೈ ದೊಡ್ಡದು. ವರ್ಷಗಳು ಕಳೆದಂತೆ ಕಾಳಿನ ಜಾಗಕ್ಕೆ ಪುಠಾಣಿ, ಅಂದರೆ ಹುರಿಗಡಲೆ ಬಂತು, ಪುಠಾಣಿಯ ಜೊತೆಗೆ ಕೊಬ್ಬರಿ, ಕೊಬ್ಬರಿಯ ಜೊತೆಗೆ ಬೆಲ್ಲ. "ಶಕುಂತಲಾಬಾಯಿ ಕೌದಿ ಅಂದ್ರ ಹೊಟ್ಟಿ ತುಂಬಾ ಉಂಡ ಕೌದಿ" ಎಂದು ಯಾರಾದರೂ ಹೊಗಳಿದರೆ ಆಕೆ ತಲೆ ಬಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮುಂದಿನ ಕೌದಿಯ ಮೂಲೆ ಇನ್ನಷ್ಟು ದಪ್ಪವಾಗುತ್ತಿತ್ತು.

ಕೂಸಿನ ಕೌದಿಗೆ ಬೇಕಾದ ಮೆತ್ತನೆಯ ಬಟ್ಟೆ ಬಾಜೂ ಮನೆಯ ಮುನ್ನಿ ಬೀಯಿಂದ ಬರುತ್ತಿತ್ತು. ಒಗೆದೊಗೆದು ಹಣ್ಣಾದ ದುಪಟ್ಟಾಗಳನ್ನು ಮಡಚಿ, "ತಗೋ ಅಕ್ಕಾ" ಎಂದು ಅವಳು ಮೋಟುಗೋಡೆಯ ಮೇಲಿಂದ ಕೊಡುವಳು. ಗೋಡೆಯ ಆಚೆ ಅವಳ ಕೋಳಿಗಳು, ಈಚೆ ಶಕುಂತಲಾಬಾಯಿಯ ಲಿಂಗಪೂಜೆ. ಮದುವೆಯಾಗಿ ಬಂದಾಗಿನಿಂದ ಇವೆರಡರ ನಡುವೆ ಒಮ್ಮೆಯೂ ತಕರಾರು ಬಂದಿರಲಿಲ್ಲ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ, ಹುಮನಾಬಾದಿನಲ್ಲಿದ್ದ ತಂಗಿಯ ಮಗಳು ರಾಜೇಶ್ವರಿಯ ಕೂಸಿಗೆ ಹೆಸರಿಡುವ ಕಾರ್ಯಕ್ರಮವಾಯಿತು. ಅಟ್ಟದ ಮೇಲೆ ತಿಂಗಳ ಹಿಂದೆಯೇ ಹೊಲಿದಿಟ್ಟಿದ್ದ ಕೌದಿಯನ್ನು ಶಕುಂತಲಾಬಾಯಿ ಮಡಿಕೆ ಬಿಚ್ಚದೆ ಒಯ್ದಳು. ಬೀಗರೆಲ್ಲ ನೋಡುತ್ತಿರುವಾಗ ತೊಟ್ಟಿಲ ಮೇಲೆ ಹಿಡಿದು ಕೊಡವಿದಳು. ಒಂದು ತುದಿ ಹರಿದು ಜೋತಿತ್ತು. ಒಳಗಿನಿಂದ ನುಚ್ಚಾದ ಬಟ್ಟೆಯೂ ಇಲಿಯ ಹಿಕ್ಕೆಯೂ ತೊಟ್ಟಿಲೊಳಗೆ ಉದುರಿದವು. ಕೂಸು ಇನ್ನೂ ತಾಯಿಯ ತೊಡೆಯ ಮೇಲಿದ್ದುದಷ್ಟೇ ಪುಣ್ಯ.

"ಬಾಯೋರ, ಕೂಸಿಗೆ ಕೌದಿ ತಂದೀರೋ, ಇಲಿ ಬಾಣಂತನಕ್ಕ ಹಾಸಿಗಿ ತಂದೀರೋ?" ಎಂದಳು ರಾಜೇಶ್ವರಿಯ ಅತ್ತೆ. ಹೆಂಗಸರೆಲ್ಲ ನಕ್ಕರು.

ಶಕುಂತಲಾಬಾಯಿಯ ಮುಖ ಸುಟ್ಟಂತಾಯಿತು. "ಇದು ನಮ್ಮನ್ಯಾಗಿಂದಲ್ರಿ. ಬಾಜೂ ಮನಿ ಮುನ್ನಿ ಬೀ ಕೋಳಿ ಸಾಕ್ಯಾಳ. ಕೋಳಿ ಕಾಳಿಗೆ ಬಂದ ಇಲಿ ಗ್ವಾಡಿ ಹಾರಿ ನಮ್ಮಲ್ಲಿ ಬರ್ತಾವ," ಎಂದುಬಿಟ್ಟಳು.

ಅದು ಯೋಚಿಸಿ ಆಡಿದ ಮಾತಲ್ಲ. ಆದರೆ ಮರಳುವ ಬಸ್ಸಿನಲ್ಲಿ ಆಕೆಗೇ ಅದು ನಿಜವೆನಿಸತೊಡಗಿತು. ಮನೆ ಮುಟ್ಟುವಷ್ಟರಲ್ಲಿ ಸಿಟ್ಟಾಗಿ ಬೆಳೆದಿತ್ತು. ನೀರಿಗೆ ಬಂದ ಹೆಂಗಸರೆಲ್ಲ ಕೊಡ ಇಳಿಸಿ ನೋಡುವಂತೆ ಗಲ್ಲಿಯಲ್ಲಿ ನಿಂತು ಕೂಗಿದಳು: "ನಿನ್ನ ಕೋಳಿ ಹೊಲಸಿಗೆ ನನ್ನ ಮಾನ ಹೋತು! ಬೀಗರ ಮುಂದ ತಲಿ ತಗ್ಗಿಸೋ ಹಾಂಗ ಮಾಡಿದಿ!"

ಮರುದಿನ ಮುನ್ನಿ ಬೀ ಕೋಳಿಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋಗಿ, ನಾರಾಯಣಪುರದ ತನ್ನ ತಂಗಿ ಆಮಿನಾಳ ಮನೆಯಲ್ಲಿ ಬಿಟ್ಟುಬಂದಳು. ಅಂದಿನಿಂದ ಗೋಡೆಯಾಚೆಯಿಂದ "ಅಕ್ಕಾ" ಎಂಬ ದನಿ ಕೇಳಲಿಲ್ಲ. ಎದುರಾದಾಗ, "ನಮಸ್ಕಾರ್ರಿ ಬಾಯೋರ" ಎಂದಷ್ಟೇ ಹೇಳಿ ಮುನ್ನಿ ಬೀ ಮುಂದೆ ನಡೆಯುವಳು.

ಕೋಳಿಗಳು ಹೋದವು; ಇಲಿಗಳು ಹೋಗಲಿಲ್ಲ. ಅಂಗಡಿಯ ಮದ್ದು, ಅಂಟಿನ ಹಾಳೆ ಯಾವುದಕ್ಕೂ ಅವು ಸೊಪ್ಪು ಹಾಕಲಿಲ್ಲ. "ಅತ್ತೀ, ಹುಮನಾಬಾದದಾಗ ಪೆಸ್ಟ್ ಕಂಟ್ರೋಲ್‌ನವರು ಒಬ್ರು ಅದಾರಂತ, ಕರಸೂಣ್ರಿ," ಎಂದಳು ಸೊಸೆ ಪೂನಂ. ಶಕುಂತಲಾಬಾಯಿ ಫೋನಿನಲ್ಲಿ ಷರತ್ತು ಹಾಕಿಯೇ ಒಪ್ಪಿದಳು: "ಬಂದ ಕೆಲಸ ಯಾರಿಗೂ ಹೇಳಬ್ಯಾಡ್ರಿ. ಸೊಸಿ ತವರಿನ ಕಡಿಯವ ಅನ್ರಿ."

"ಆಯ್ತ್ರಿ ಅವ್ವಾರ," ಎಂದ ಆಚೆಯಿಂದ ಪೆಸ್ಟ್ ಕಂಟ್ರೋಲಿನ ಸಂಘಪಾಲ. "ಆದ್ರ ನನ್ನ ಗಾಡಿ ಮ್ಯಾಲೆ ಇಷ್ಟು ದೊಡ್ಡ ಇಲಿ ಚಿತ್ರ ಅದ. ಅದೂ ತವರಿಂದ ಬಂದದ ಅನ್ಲೇನ್ರಿ?"

ಪೂನಂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಶಕುಂತಲಾಬಾಯಿ ನಗಲಿಲ್ಲ. "ಗಾಡಿ ಗಲ್ಲಿ ತುದ್ಯಾಗ ನಿಂದ್ರಸ್ರಿ."

ಸಂಘಪಾಲ ಕೈಚೀಲ ಹಿಡಿದು ನಡೆದೇ ಬಂದ. ಅಂಗಳದಲ್ಲಿ ಬಟ್ಟೆ ಹರವುತ್ತಿದ್ದ ಮುನ್ನಿ ಬೀ, "ಯಾರಪ್ಪಾ, ಎಲ್ಲಿಂದ ಬಂದಿ?" ಎಂದಾಗ, ಕಲಿಸಿದಂತೆಯೇ, "ಪೂನಂ ಅವರ ಊರಾವ್ರಿ, ಮನ್ನಾಏಖೇಳ್ಳಿ," ಎಂದ. ಒಳಗೆ ಬಂದವನು ಬಚ್ಚಲ ಮೋರಿಗೆ ತಂತಿಯ ಜಾಳಿಗೆ ಬಡಿದ; ಅಟ್ಟದಿಂದ ಕೌದಿಗಳ ಗಂಟು ಇಳಿಸಿ, ಬೋನುಗಳನ್ನು ಸಾಲಾಗಿ ಇಟ್ಟ.

"ಬೋನಿಗೆ ತಿನಿಸು ಬೇಕ್ರಿ ಅವ್ವಾರ. ಪುಠಾಣಿ ಕೊಡ್ರಿ, ಒಂದೀಟು ಕೊಬ್ಬರಿ. ಬೆಲ್ಲ ಇದ್ರ ಇನ್ನೂ ಚಲೋ. ಎಲ್ಲಿದ್ರೂ ಹುಡುಕ್ಕೊಂಡು ಬರ್ತಾವ."

ಆಕೆ ಅಡುಗೆಮನೆಗೆ ಹೋಗಲಿಲ್ಲ. ಅವೆಲ್ಲ ಒಂದೇ ಡಬ್ಬಿಯಲ್ಲಿ, ಸೂಜಿ ದಾರದ ಪಕ್ಕದಲ್ಲೇ ಇರುತ್ತಿದ್ದವು. ಮುಚ್ಚಳ ತೆಗೆದ ಕೈ ಅಲ್ಲೇ ನಿಂತಿತು. ಪುಠಾಣಿ, ಕೊಬ್ಬರಿ, ಬೆಲ್ಲ.

ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಆಕೆ ಗಂಟು ಬಿಚ್ಚಿದಳು. ಒಂದು ಕೌದಿ ಹರವಿದಳು, ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ಕಡಿದಿದ್ದು ಒಂದೇ ಮೂಲೆ, ಹೊಟ್ಟೆ ತುಂಬಿಸಿದ ಮೂಲೆ. ಉಳಿದ ಬಟ್ಟೆಗೆ ಹಲ್ಲು ತಾಗಿರಲಿಲ್ಲ. ಇಷ್ಟು ವರ್ಷ ಊರಿನ ಕೂಸುಗಳ ಮೈಮೇಲೆ ತಾನು ಹೊದಿಸಿ ಕಳಿಸಿದ್ದು ಬೋನಿನ ತಿನಿಸು. ಹರಿದ ಕೌದಿಯೊಂದರಲ್ಲಿ ಮುನ್ನಿ ಬೀಯ ಹಸಿರು ದುಪಟ್ಟಾ ಇಣುಕುತ್ತಿತ್ತು. ಶಕುಂತಲಾಬಾಯಿ ಅದನ್ನು ಮಡಚಿ ಒಳಗೆ ತಳ್ಳಿದಳು. ಅದು ಮತ್ತೆ ಹೊರಬಂತು.

"ಬಾಯೋರ," ಗೋಡೆಯ ಮೇಲೆ ಹಾಲಿನ ಪಾತ್ರೆ ಕಂಡಿತು. "ಪೂನಂ ತವರಿನವರು ಬಂದಾರ. ಚಹಾಕ್ಕ ಹಾಲು ಸಾಲಂಗಿಲ್ಲ, ತಗೋರಿ."

ಶಕುಂತಲಾಬಾಯಿ ಪಾತ್ರೆಗೆ ಕೈ ಚಾಚಲಿಲ್ಲ. "ಮುನ್ನೀ, ಅವ ತವರಿನವ ಅಲ್ಲ. ಇಲಿ ಹಿಡ್ಯಾವ."

"ಗೊತ್ತದ್ರಿ. ಗಲ್ಲಿ ತುದ್ಯಾಗ ಅವನ ಗಾಡಿ ನೋಡಿ ಮಂದಿ ನಗಾಕತ್ತಾರ."

ಗೊತ್ತಿದ್ದೂ ಹಾಲು ತಂದಿದ್ದಳು. ಶಕುಂತಲಾಬಾಯಿ ಕೌದಿಯ ಹರಿದ ಮೂಲೆಯನ್ನು ಎತ್ತಿ ತೋರಿಸಿದಳು.

"ಇಲಿ ನಿನ್ನ ಕೋಳಿ ಕಾಳಿಗೆ ಬಂದಿಲ್ಲ. ನನ್ನ ಕೌದಿಗೆ ಬಂದಾವ. ನಾನಽ ತಿನಿಸು ಇಟ್ಟು ಕರದೀನಿ. ಸುಳ್ಳ ನಿನ್ನ ಮ್ಯಾಲೆ ಹಾಕಿದೆ."

ಮುನ್ನಿ ಬೀ ಪಾತ್ರೆಯನ್ನು ಗೋಡೆಯ ಮೇಲೆ ಸರಿಯಾಗಿ ಕೂರಿಸಿದಳು. "ನನಗ್ಯಾಕ ಹೇಳ್ತೀರಿ? ನಾ ಯಾವಾಗ ಕೇಳಿದೆ? ಅವತ್ತು ಕೇಳಿದವರು ಗಲ್ಲ್ಯಾಗ ಅದಾರ. ನೀರು ಬರೋ ಹೊತ್ತಾಗ್ಯಾದ."

ನಳದ ಸುತ್ತ ಕೊಡಗಳು ಸೇರಿದ್ದವು. ಡಬ್ಬಿ ಕಂಕುಳಲ್ಲಿದ್ದಂತೆಯೇ ಶಕುಂತಲಾಬಾಯಿ ಹೊರಗೆ ಬಂದು, ಅಂದು ನಿಂತ ಜಾಗದಲ್ಲೇ ನಿಂತಳು. ಏನೋ ಗೊಣಗಿದಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

ಹಿಂದೆ, ತನ್ನ ಮನೆಯ ಹೊಸ್ತಿಲಿನಿಂದ ಮುನ್ನಿ ಬೀ ಹೇಳಿದಳು: "ಕೇಳಿಸವಲ್ದು ಬಾಯೋರ. ಅವತ್ತಿನಷ್ಟು ಜೋರ್ಲೆ ಹೇಳ್ರಿ."

ಶಕುಂತಲಾಬಾಯಿ ನಳ ಬಂದ್ ಮಾಡಿಸಿ, ಮೊದಲಿನಿಂದ ಹೇಳಿದಳು. ಹೇಳಿ ಮುಗಿಸಿದಾಗ ಯಾರೂ ನಗಲಿಲ್ಲ, ನಕ್ಕಿದ್ದರೆ ಸಲೀಸಾಗುತ್ತಿತ್ತು. ಇನ್ನು ಹುಮನಾಬಾದಿನ ಆ ಮನೆ ಉಳಿದಿತ್ತು. ಅಲ್ಲಿಗೂ ಹೋಗಬೇಕು, ಬೀಗರ ಮುಂದೆ ಇದೇ ಮಾತನ್ನು ಇಷ್ಟೇ ಜೋರಾಗಿ ಆಡಬೇಕು.