ಬರೆದರೆ ಮಾತ್ರ ಉತ್ತರ

ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಜ್ವರವೊಂದು ಟೈಲರಕ್ಕನ ಎರಡೂ ಕಿವಿಗಳನ್ನು ಕಸಿದುಕೊಂಡಿತು. ಮಾತು ಉಳಿಯಿತು. ಆದರೆ ತನ್ನ ದನಿ ತನಗೇ ಕೇಳದ್ದರಿಂದ, ಅವಳು ಗುಟ್ಟು ಹೇಳಿದರೂ ಅಕ್ಕಪಕ್ಕದ ಮನೆಗಳಿಗೆ ಮುಟ್ಟುತ್ತಿತ್ತು. ಕಿವುಡರ ಶಾಲೆಯಲ್ಲಿ ಕೈಸನ್ನೆಯ ಭಾಷೆ ಕಲಿತಳು, ಹೊಲಿಗೆ ಕಲಿತಳು. ಓದಿನ ಹುಚ್ಚು ಹಿಡಿಸಿದವನು ದೂರದಲ್ಲಿ ಕೆಲಸಕ್ಕಿದ್ದ ಅಣ್ಣ. ಅವನ ಕಾಗದ ಬರಲು ವಾರ ಹಿಡಿಯುತ್ತಿತ್ತು. ಅಷ್ಟು ಕಾಯಿಸಿದ ಮೇಲೆ ಎರಡು ಸಾಲಿಗೆ ಮುಗಿಸಲಾದೀತೇ? ಮೇಲಧಿಕಾರಿಯ ಗೊರಕೆಯಿಂದ ಹಿಡಿದು ಬಾಡಿಗೆ ಕೋಣೆಯ ತಿಗಣೆಯವರೆಗೆ ಎಲ್ಲವನ್ನೂ ಹಾಳೆಯ ಅಂಚಿನ ತನಕ ತುಂಬಿಸುತ್ತಿದ್ದ.

ಆಮೇಲೆ ಮನೆಗೆ ಫೋನು ಬಂತು, ಕಾಗದ ನಿಂತಿತು. ಅಮ್ಮ ರಿಸೀವರ್ ಹಿಡಿದು ಗಂಟೆಗಟ್ಟಲೆ ನಗುವಳು. ಇಟ್ಟಮೇಲೆ ಮಗಳತ್ತ ತಿರುಗಿ, "ಚೆನ್ನಾಗಿದ್ದಾನಂತೆ" ಎನ್ನುವಳು. ಅಷ್ಟೇ.

ಮೊಬೈಲಿನಲ್ಲಿ ಮೆಸೇಜು ಕಳಿಸುವ ಕಾಲ ಬಂದಾಗ ಟೈಲರಕ್ಕನಿಗೆ ಜೀವ ಬಂತು. ಅದರಲ್ಲಿ ಇದ್ದದ್ದು ಇಂಗ್ಲಿಷ್ ಅಕ್ಷರ ಮಾತ್ರ, ಜಾಗವೂ ಇಕ್ಕಟ್ಟು. ಅವಳು ಸ್ವರಗಳನ್ನೆಲ್ಲ ಕತ್ತರಿಸಿ ಒಗೆದು, ನಮ್ಮ ಕನ್ನಡವನ್ನು ಅದರೊಳಗೇ ಹಿಡಿಸಿದಳು. ಗಿರಾಕಿಗಳು ಆ ಬರಹ ಕಲಿತರು, ಅಣ್ಣನೂ ಕಲಿತ. ಕಿವಿಯಿದ್ದವರೂ ಬರೆಯುತ್ತಿದ್ದ ಆ ವರ್ಷಗಳಲ್ಲಿ, ತನಗೆ ಕಿವಿ ಕೇಳದೆಂಬುದೇ ಅವಳಿಗೆ ಎಷ್ಟೋ ಸಲ ಮರೆತುಹೋಗುತ್ತಿತ್ತು.

ಅದಕ್ಕೂ ಕಲ್ಲು ಬಿತ್ತು. ಒತ್ತಿ ಹಿಡಿದು ಮಾತಾಡಿದರೆ ದನಿಯೇ ಹೋಗುವ ಸೌಕರ್ಯ ಬಂದದ್ದೇ ತಡ, ಮನೆಯವರ ಗ್ರೂಪಿನಲ್ಲಿ ಬರಹ ಮಾಯ. ಅವಳಿಗೆ ಕಂಡದ್ದು ದನಿಯ ಏರಿಳಿತ ತೋರಿಸುವ ಬರೀ ಗೆರೆಗಳು. ಅಷ್ಟರಲ್ಲಿ ಅಣ್ಣ ಊರಿಗೆ ಮರಳಿದ್ದ, ಅಮ್ಮ ಅವನ ಮನೆಯಲ್ಲಿದ್ದಳು. ಅಮ್ಮ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಸುದ್ದಿಯೂ ಆ ಗೆರೆಗಳಲ್ಲೇ ಬಂತು. ಟೈಲರಕ್ಕನಿಗೆ ತಿಳಿದದ್ದು, ಅಂಗಿಯ ಅಳತೆ ಕೊಡಲು ಬಂದ ಗಿರಾಕಿ "ಅಮ್ಮ ಈಗ ಹೇಗಿದ್ದಾರೆ?" ಎಂದು ಬರೆದು ತೋರಿಸಿದಾಗ.

ಬಟ್ಟೆ ಬಿಸಾಕಿ ಆಸ್ಪತ್ರೆಗೆ ಓಡಿದಳು. ವಾರ್ಡಿನ ಬಾಗಿಲಲ್ಲೇ ಅಣ್ಣ ಸಿಕ್ಕಿದ.

"ಅಮ್ಮ ಬಿದ್ದಿದ್ದನ್ನ ನನಗೆ ಊರವರು ಹೇಳ್ಬೇಕಾ?"

ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಅಣ್ಣ ತುಟಿ ಕಾಣುವಂತೆ ಬಿಡಿಸಿ ಹೇಳಿದ: "ಗ್ರೂಪಲ್ಲಿ ಹೇಳಿದ್ನಲ್ಲೇ."

"ಹೇಳ್ದೆ. ಬರೆದ್ಯಾ?"

"ಈ ವಯಸ್ಸಲ್ಲಿ ಕುಟ್ಟೋಕೆ ಬೆರಳು ಬಗ್ಗಲ್ಲ ಕಣೇ. ಯಾರನ್ನಾದ್ರೂ ಕೇಳಿದ್ರೆ ಆಗ್ತಿತ್ತು."

"ಯಾರೋ ಅಗಿದು ಉಗುಳಿದ ಸುದ್ದಿ ಸಾಕಾಗಿದೆ ನನಗೆ!"

ಅತ್ತಿಗೆ "ಮೆತ್ತಗೆ" ಎಂದು ಕೈಮಾಡಿದಳು. ಇವಳು ದನಿ ಇನ್ನೂ ಏರಿಸಿದಳು.

ಹಗಲು ಅಮ್ಮನ ಪಕ್ಕ ಕೂರುವ ಪಾಳಿಯನ್ನು ಅವಳೇ ಹಿಡಿದಳು. ಡಾಕ್ಟರು ಹೇಳಬೇಕಾದದ್ದನ್ನು ಅವಳಿಗೆ ಬರೆದು ತೋರಿಸುತ್ತಿದ್ದರು. ಅದನ್ನೆಲ್ಲ ಅವಳು ಗ್ರೂಪಿಗೆ ಕಳಿಸಿದಳು, ವಿಡಿಯೊದಲ್ಲಿ, ತುಟಿ ಬಿಗಿದು, ಬರೀ ಕೈಸನ್ನೆಯಲ್ಲಿ! ಮನೆಯವರು ಹಿಂದೆಮುಂದೆ ಓಡಿಸಿ ನೋಡಿದರು; ತಲೆಬುಡ ತಿಳಿಯಲಿಲ್ಲ. ಕೊನೆಗೆ ಅಣ್ಣನ ಬೆರಳು ಬಗ್ಗಿತು: "ಏನ್ ಹೇಳ್ತಿದ್ದೀಯೇ? ಅಮ್ಮನ್ನ ಯಾವಾಗ ಕಳಿಸ್ತಾರೆ?"

ಉತ್ತರ ತಕ್ಷಣ ಬಂತು, ಅಕ್ಷರದಲ್ಲೇ: "ನಾಳೆ ಮಧ್ಯಾಹ್ನ. ಗಾಡಿ ತಾ. ಇನ್ನುಮುಂದೆ ಬರೆದರೆ ಮಾತ್ರ ಉತ್ತರ."

ಅಣ್ಣ ಬರೆಯತೊಡಗಿದ. ಫೋನು ಮುಂದೊಡ್ಡಿದ ಪದವನ್ನು ನೋಡದೆ ಒತ್ತಿ, ಸೊಂಟ ಮುರಿದ ಅಮ್ಮ "ಊಟ ಮಾಡಿದಳು" ಎನ್ನುವಲ್ಲಿ "ಓಟ ಮಾಡಿದಳು" ಎಂದು ಕಳಿಸಿದ. ಟೈಲರಕ್ಕ ಹೊಲಿಗೆ ನಿಲ್ಲಿಸಿ ನಕ್ಕಳು.

ಅತ್ತಿಗೆ ಮಾತ್ರ ಇಂದಿಗೂ ದನಿಯನ್ನೇ ಕಳಿಸುತ್ತಾಳೆ. ಇವಳು ಉತ್ತರಿಸುವುದಿಲ್ಲ. "ನಿನ್ನತ್ತಿಗೆ ಮುನಿಸ್ಕೊಂಡಿದ್ದಾಳೆ" ಎಂದು ಅಣ್ಣ ಬರೆದ.

"ಮುನಿಸ್ಕೊಳ್ಳಲಿ," ಎಂದು ಬರೆದಳು ಟೈಲರಕ್ಕ. "ಆದ್ರೆ ಬರೆದು ಮುನಿಸ್ಕೊಳ್ಳಲಿ."